ಮೂರನೆಯವರಾಗಿ ನಿಂತ ದೇವರಾಜ ಅರಸು

1980ರ ಜನವರಿಯ ಲೋಕಸಭಾ ಚುನಾವಣೆ. ಕರ್ನಾಟಕದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಉಳಿದ ಒಂದು ಜನತಾ ಪಕ್ಷಕ್ಕೆ. ಆಗ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಡಿ. ದೇವರಾಜ ಅರಸು ಅವರ ಸ್ವಂತ ಪಕ್ಷಕ್ಕೆ ಸಿಕ್ಕಿದ್ದು ಸೊನ್ನೆ. ಅದಕ್ಕೆ ಎರಡು ವರ್ಷ ಮೊದಲಷ್ಟೇ ಇದೇ ರಾಜ್ಯದ ಜನ ಅವರ ನಾಯಕತ್ವಕ್ಕೆ 149 ಶಾಸಕರನ್ನು ಗೆಲ್ಲಿಸಿಕೊಟ್ಟಿದ್ದರು. ಗೇಣಿದಾರರಿಗೆ ಭೂಮಿ ಕೊಡಿಸಿದ, ಹಿಂದುಳಿದವರಿಗೆ ಮೀಸಲಾತಿ ತಂದ ಮನುಷ್ಯನಿಗೆ ಒಂದೇ ಒಂದು ಸ್ಥಾನ ಇಲ್ಲ!

ಈ ಸೊನ್ನೆ ನನ್ನ ತಲೆಯಲ್ಲಿ ಕೂತು ಬಹಳ ದಿನವಾಯಿತು. ನಮ್ಮ ತಿ. ನರಸೀಪುರದಲ್ಲಿ ವಿಧಾನಸಭಾ ಚುನಾವಣೆ ಎಂದರೆ ಕಾಂಗ್ರೆಸ್ಸು, ಇಲ್ಲವೇ ಜೆಡಿಎಸ್. 2018ರಲ್ಲಿ ಜೆಡಿಎಸ್ ಗೆದ್ದಿತು, 2023ರಲ್ಲಿ ಮತ್ತೆ ಕಾಂಗ್ರೆಸ್ಸು. ಮೂರನೆಯವರಿಗೆ ಹಾಕಿದ ವೋಟು ದಂಡ ಎಂಬ ಮಾತು ಮೈಸೂರಿಗೆ ಹೋಗುವ ಬಸ್ಸಿನಲ್ಲೂ ಕೇಳಿಸುತ್ತದೆ, ಕಾಲೇಜಿನ ಕ್ಯಾಂಟೀನಿನಲ್ಲೂ ಕೇಳಿಸುತ್ತದೆ. ನಮ್ಮದೇ ಜಿಲ್ಲೆಯ ಅರಸು ಅವರು ಈ ಮಾತನ್ನು ಸುಳ್ಳು ಮಾಡಲು ಹೊರಟವರು. ಅವರ ಬದುಕನ್ನು ಓದಿದರೆ ಎರಡು ಪಕ್ಷಗಳ ಆಟ ಎಲ್ಲಿ ಮುರಿಯುತ್ತದೆ, ಎಲ್ಲಿ ಮುರಿಯುವುದಿಲ್ಲ ಎಂಬುದು ಸ್ವಲ್ಪ ಅರ್ಥವಾಗುತ್ತದೆ.

ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಅವರ ಊರು. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿದರು. ಆ ಕಾಲಕ್ಕೆ ಆ ಪದವಿ ಇದ್ದರೆ ಸರ್ಕಾರಿ ಕೆಲಸ ಕಷ್ಟವಿರಲಿಲ್ಲ. ಅವರು ಊರಿಗೆ ವಾಪಸಾಗಿ ಬೇಸಾಯಕ್ಕೆ ನಿಂತರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1952ರಿಂದ ಹುಣಸೂರು ಕ್ಷೇತ್ರ ಅವರನ್ನು ಮತ್ತೆ ಮತ್ತೆ ಗೆಲ್ಲಿಸಿತು. ಅರಸು ಸಮುದಾಯ ರಾಜಮನೆತನಕ್ಕೆ ಹತ್ತಿರದ್ದು ನಿಜ, ಆದರೆ ಮತದಾರರ ಲೆಕ್ಕದಲ್ಲಿ ತೀರಾ ಸಣ್ಣದು. ಜಾತಿಯ ಬಲದಿಂದ ಮುಖ್ಯಮಂತ್ರಿಯಾಗುವ ಮಾತೇ ಇರಲಿಲ್ಲ. ಮುಂದೆ ಅವರು ಮಾಡಿದ ರಾಜಕೀಯಕ್ಕೆಲ್ಲ ಇದು ಬುನಾದಿ ಎಂದು ನನಗನ್ನಿಸುತ್ತದೆ.

ಆಗ ರಾಜ್ಯದಲ್ಲಿ ಎರಡು ದೊಡ್ಡ ಪಕ್ಷಗಳೇನೂ ಇರಲಿಲ್ಲ. ಕಾಂಗ್ರೆಸ್ಸು ಒಂದೇ ದೊಡ್ಡದು. ಪೈಪೋಟಿ ಇದ್ದದ್ದು ಅದರ ಒಳಗೆ, ಎರಡು ಪ್ರಬಲ ಸಮುದಾಯಗಳ ನಡುವೆ. ಏಕೀಕರಣಕ್ಕೆ ಮುಂಚಿನ ಹಳೇ ಮೈಸೂರಿನಲ್ಲಿ ಒಕ್ಕಲಿಗ ನಾಯಕರ ಕೈ ಮೇಲಿತ್ತು. 1956ರಿಂದ 1971ರವರೆಗೆ ಮುಖ್ಯಮಂತ್ರಿಗಳಾದ ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲರು ನಾಲ್ವರೂ ಲಿಂಗಾಯತ ಸಮುದಾಯದವರು. ಕುರುಬರು, ಈಡಿಗರು, ಬೆಸ್ತರು, ಉಪ್ಪಾರರು, ಮಡಿವಾಳರು, ದಲಿತರು, ಮುಸ್ಲಿಮರು ಎಲ್ಲರೂ ಮತ ಹಾಕುತ್ತಿದ್ದರು. ಅವರೆಲ್ಲ ಸೇರಿದರೆ ಬಹುಸಂಖ್ಯಾತರು. ಟಿಕೆಟ್ ಹಂಚುವ ಕೋಣೆಯೊಳಗೆ ಮಾತ್ರ ಅವರ ದನಿ ಕೇಳಿಸುತ್ತಿರಲಿಲ್ಲ. ಎರಡು ಪಕ್ಷಗಳಿಗಿಂತ ಗಟ್ಟಿಯಾದ ಇಬ್ಬರ ವ್ಯವಸ್ಥೆ ಅದು. ಚುನಾವಣಾ ಆಯೋಗದ ಯಾವ ಪಟ್ಟಿಯಲ್ಲೂ ಅದರ ಹೆಸರಿರುವುದಿಲ್ಲ.

1969ರಲ್ಲಿ ಕಾಂಗ್ರೆಸ್ಸು ಒಡೆಯಿತು. ನಿಜಲಿಂಗಪ್ಪನವರು ಅಖಿಲ ಭಾರತ ಅಧ್ಯಕ್ಷರಾಗಿದ್ದುದರಿಂದ ರಾಜ್ಯದ ಪಕ್ಷ, ಸರ್ಕಾರ, ದೊಡ್ಡ ಮುಖಂಡರು ಎಲ್ಲ ಅವರ ಕಡೆಗೆ. ಇಂದಿರಾ ಗಾಂಧಿಯವರ ಕಡೆಗೆ ಉಳಿದದ್ದು ಅರಸು ಮತ್ತು ಒಂದು ಸಣ್ಣ ಗುಂಪು. ಹಳೆಯ ಮುಖಂಡರೆಲ್ಲ ಎದ್ದು ಹೋದ ಮನೆಯಲ್ಲಿ ಕುರ್ಚಿಗಳು ಖಾಲಿ ಇದ್ದವು. ಯಾರನ್ನು ಕೂರಿಸಬೇಕೆಂದು ನಿರ್ಧರಿಸುವ ಅವಕಾಶ ಅರಸು ಅವರಿಗೆ ಸಿಕ್ಕಿತು. 1971ರ ಲೋಕಸಭೆಯಲ್ಲಿ ರಾಜ್ಯದ 27ಕ್ಕೆ 27 ಸ್ಥಾನ ಇಂದಿರಾ ಅವರ ಪಕ್ಷಕ್ಕೆ ಬಂದವು. 1972ರ ವಿಧಾನಸಭಾ ಚುನಾವಣೆಗೆ ಅರಸು ತಾವು ನಿಲ್ಲಲಿಲ್ಲ. ಅಭ್ಯರ್ಥಿಗಳನ್ನು ಆರಿಸುವುದರಲ್ಲಿ ಮುಳುಗಿದರು. ಅದುವರೆಗೆ ಟಿಕೆಟ್ಟಿನ ಹತ್ತಿರವೂ ಸುಳಿಯಲಾಗದ ಸಮುದಾಯಗಳ ಯುವಕರನ್ನು ಹುಡುಕಿ ಹುಡುಕಿ ನಿಲ್ಲಿಸಿದರು. 216ರಲ್ಲಿ 165 ಸ್ಥಾನ ಬಂತು. ಮಾರ್ಚ್ 20ರಂದು ಅರಸು ಮುಖ್ಯಮಂತ್ರಿಯಾದರು.

ಇಬ್ಬರ ಆಟ ಮುರಿದದ್ದು ಆ ಅಭ್ಯರ್ಥಿಗಳ ಪಟ್ಟಿಯಲ್ಲಿ. ಪಕ್ಷದ ಹೆಸರು ಹಳೆಯದೇ, ಒಳಗಿದ್ದವರು ಹೊಸಬರು.

ಆಮೇಲಿನ ಐದಾರು ವರ್ಷದಲ್ಲಿ ಆದದ್ದನ್ನು ನಾವು ಕೆಎಎಸ್, ಪಿಎಸ್‌ಐ ಪರೀಕ್ಷೆಗೆಂದು ಒಂದಂಕದ ಪ್ರಶ್ನೆಗಳಾಗಿ ಬಾಯಿಪಾಠ ಮಾಡುತ್ತೇವೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು, 1973ರ ನವೆಂಬರ್ 1. ಹಾವನೂರು ಆಯೋಗ ನೇಮಕ 1972, ವರದಿ 1975. ಭೂಸುಧಾರಣೆ ತಿದ್ದುಪಡಿ ಜಾರಿ, 1974ರ ಮಾರ್ಚ್ 1. ಉತ್ತರ ಟಿಕ್ ಮಾಡಿ ಮುಂದಕ್ಕೆ ಹೋಗುತ್ತೇವೆ. ಸ್ವಲ್ಪ ನಿಂತು ನೋಡಿದರೆ ಆ ಕಾನೂನಿನ ಒಳಗಿನ ಯಂತ್ರ ಕಾಣಿಸುತ್ತದೆ. ಗೇಣಿಗೆ ಕೊಟ್ಟಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ಅದನ್ನು ತೀರ್ಮಾನಿಸಲು ತಾಲ್ಲೂಕಿಗೊಂದು ಭೂನ್ಯಾಯಮಂಡಳಿ. ಉಪವಿಭಾಗಾಧಿಕಾರಿ ಅದರ ಅಧ್ಯಕ್ಷರು. ಜೊತೆಗೆ ಅಧಿಕಾರಿಗಳಲ್ಲದ ಸದಸ್ಯರು, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕು. ವಕೀಲರಿಗೆ ಅಲ್ಲಿ ಪ್ರವೇಶವಿಲ್ಲ. ದುಡ್ಡಿದ್ದವನು ದೊಡ್ಡ ವಕೀಲನನ್ನು ಕರೆತಂದು ಗೇಣಿದಾರನ ಬಾಯಿ ಕಟ್ಟಿಸಬಾರದೆಂದು ಆ ಏರ್ಪಾಟು. ಯಾರದೋ ಜಮೀನಿನಲ್ಲಿ ಗೇಯುತ್ತಿದ್ದವರು ಆ ಮಂಡಳಿಗಳ ಮುಂದೆ ನಿಂತು ತಮ್ಮ ಹೆಸರಿಗೆ ಪಹಣಿ ಮಾಡಿಸಿಕೊಂಡರು.

ಎಂಜಿನಿಯರಿಂಗ್ ಓದುವವನಾಗಿ ಇನ್ನೊಂದನ್ನು ಹೇಳಲೇಬೇಕು. ಕಿಯೋನಿಕ್ಸ್ ಸಂಸ್ಥೆ ಶುರುವಾದದ್ದು 1976ರಲ್ಲಿ, ಇದೇ ಅರಸು ಅವರ ಕಾಲದಲ್ಲಿ. ಆರ್.ಕೆ. ಬಾಳಿಗರು ಕಂಡ ಎಲೆಕ್ಟ್ರಾನಿಕ್ಸ್ ಸಿಟಿಯ ಕನಸಿಗೆ ನೆಲ ಸಿಕ್ಕಿದ್ದೂ ಆ ವರ್ಷಗಳಲ್ಲೇ. ನಾವು ಕ್ಯಾಂಪಸ್ ಸೆಲೆಕ್ಷನ್ ಎಂದು ಬಾಯಿಬಿಟ್ಟುಕೊಂಡು ಕಾಯುವ ಎಷ್ಟೋ ಕಂಪನಿಗಳ ವಿಳಾಸ ಅಲ್ಲಿದೆ. ಹಾಗೆಯೇ ಸಿಇಟಿ ಅರ್ಜಿಯಲ್ಲಿ, ಕೆಪಿಎಸ್‌ಸಿ ಅರ್ಜಿಯಲ್ಲಿ ನಾವು ತುಂಬುವ ಪ್ರವರ್ಗದ ಕಾಲಂ ಇದೆಯಲ್ಲ, ಅದರ ಈಗಿನ ರೂಪ ಬಂದದ್ದು ತೊಂಬತ್ತರ ದಶಕದಲ್ಲಿ. ಆದರೂ ಬೇರು ಹಾವನೂರು ವರದಿಯಲ್ಲಿದೆ.

ಇಷ್ಟು ಹೇಳಿ ಅವರನ್ನು ದೇವರು ಮಾಡುವುದು ಬೇಡ. ತುರ್ತು ಪರಿಸ್ಥಿತಿಯಲ್ಲಿ ಅರಸು ಇಂದಿರಾ ಅವರ ಜೊತೆಗೇ ಇದ್ದರು. ಅಡ್ವಾಣಿ ಮೊದಲಾದ ವಿರೋಧ ಪಕ್ಷದ ನಾಯಕರನ್ನು ಇಟ್ಟಿದ್ದು ಬೆಂಗಳೂರಿನ ಜೈಲಿನಲ್ಲಿ. ಜೈಲಿನಲ್ಲಿ ನರಳಿದ ಕಲಾವಿದೆ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅರಸು ಆಡಳಿತದ ಭ್ರಷ್ಟಾಚಾರ, ಸ್ವಜನಪಕ್ಷಪಾತದ ದೂರುಗಳನ್ನು ಗ್ರೋವರ್ ಆಯೋಗ ವಿಚಾರಣೆ ಮಾಡಿತು. ಎಲ್ಲ ಆರೋಪಗಳಿಂದ ಅವರು ಪಾರಾಗಲಿಲ್ಲ. ಹಳೆಯ ಪಟ್ಟಿಯನ್ನು ಒಡೆಯಲು ದುಡ್ಡೂ ಬೇಕು, ಹಟವೂ ಬೇಕು ಎಂದು ಅವರ ಪರವಾಗಿ ವಾದಿಸುವವರಿದ್ದಾರೆ. ನನಗೆ ಆ ವಾದ ಪೂರ್ತಿ ಒಪ್ಪಿಗೆಯಿಲ್ಲ.

1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ಸು ಗುಡಿಸಿಹೋದಾಗ ಕರ್ನಾಟಕದಲ್ಲಿ ಅದು 28ರಲ್ಲಿ 26 ಗೆದ್ದಿತು. 1978ರ ವಿಧಾನಸಭೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 149, ಜನತಾ ಪಕ್ಷಕ್ಕೆ 59. ಈಗ ನಿಜವಾಗಿಯೂ ಎರಡು ಪಕ್ಷಗಳ ರಾಜ್ಯವಾಯಿತು. ಅದೇ ವರ್ಷ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಅವರಿಗೆ ರಾಜಕೀಯ ಮರುಹುಟ್ಟು ಕೊಡಿಸಿದ್ದೂ ಅರಸು ಅವರೇ. ಅದಾಗಿ ಒಂದು ವರ್ಷ ತುಂಬುವುದರೊಳಗೆ ಇಬ್ಬರಿಗೂ ಬಿತ್ತು. ಸಂಜಯ್ ಗಾಂಧಿಯವರ ಹಿಡಿತ, ಮುಖ್ಯಮಂತ್ರಿ ಮತ್ತು ಪ್ರದೇಶ ಕಾಂಗ್ರೆಸ್ ಅಧ್ಯಕ್ಷ ಎರಡೂ ಹುದ್ದೆ ಒಬ್ಬರ ಕೈಲಿರಬೇಕೇ ಎಂಬ ಜಗಳ, ಹೀಗೆ ಕಾರಣಗಳು ಹಲವು. 1979ರ ಜೂನ್‌ನಲ್ಲಿ ಅರಸು ಉಚ್ಚಾಟನೆಯಾದರು. ಶಾಸಕರಲ್ಲಿ ಬಹುಪಾಲು ಮಂದಿ ಅವರ ಜೊತೆ ಉಳಿದಿದ್ದರಿಂದ ಸರ್ಕಾರ ಬೀಳಲಿಲ್ಲ. ಅರಸು ಕಾಂಗ್ರೆಸ್ ಎಂಬ ಹೆಸರಿನಲ್ಲಿ ಅವರು ದೇಶಮಟ್ಟದ ನಾಯಕರಾದರು. ಒಂದು ಕಡೆ ಇಂದಿರಾ, ಒಂದು ಕಡೆ ಜನತಾ, ನಡುವೆ ಮೂರನೆಯವರಾಗಿ ಅರಸು.

ಫಲಿತಾಂಶ ಮೊದಲೇ ಹೇಳಿದ್ದೇನೆ. ಸೊನ್ನೆ ಬಂದ ಕೂಡಲೇ ಶಾಸಕರು ಸಾಲುಸಾಲಾಗಿ ಆ ಕಡೆಗೆ ಜಿಗಿದರು. ಪಕ್ಷಾಂತರ ನಿಷೇಧ ಕಾನೂನು ಬರಲು ಇನ್ನೂ ಐದು ವರ್ಷವಿತ್ತು. ಅರಸು ರಾಜೀನಾಮೆ ಕೊಟ್ಟರು, ಗುಂಡೂರಾವ್ ಮುಖ್ಯಮಂತ್ರಿಯಾದರು.

ಯಾಕೆ ಹೀಗಾಯಿತು? ಜನ ಕೃತಘ್ನರು ಎಂದು ಹೇಳಿ ಮುಗಿಸುವುದು ಸುಲಭ. ನನಗೆ ಲೆಕ್ಕದಲ್ಲಿ ಉತ್ತರ ಕಾಣುತ್ತದೆ. ಒಂದು ಕ್ಷೇತ್ರದಲ್ಲಿ ನೂರು ಮತ ಎಂದುಕೊಳ್ಳಿ. ಮೊದಲ ಪಕ್ಷಕ್ಕೆ 40, ಎರಡನೆಯದಕ್ಕೆ 35, ಮೂರನೆಯದಕ್ಕೆ 25. ರಾಜ್ಯದ ಎಲ್ಲ ಕ್ಷೇತ್ರಗಳಲ್ಲೂ ಹೀಗೇ ಬಂದರೆ ಕಾಲುಭಾಗ ಜನ ಮೆಚ್ಚಿದ ಪಕ್ಷಕ್ಕೆ ವಿಧಾನಸೌಧದಲ್ಲಿ ಒಂದು ಕುರ್ಚಿಯೂ ಇಲ್ಲ. ಮುಂದಿನ ಸಲ ಆ 25ರಲ್ಲಿ ಹತ್ತು ಮಂದಿ ತಮ್ಮ ಮತ ದಂಡವಾಯಿತೆಂದು ದೊಡ್ಡ ಪಕ್ಷಗಳ ಕಡೆ ಹೊರಳುತ್ತಾರೆ. ಹೆಚ್ಚು ಮತ ಬಂದವನೇ ಗೆದ್ದ ಎನ್ನುವ ಪದ್ಧತಿ ಎರಡು ಪಕ್ಷಗಳ ಕಡೆಗೇ ಎಳೆಯುತ್ತದೆ ಎಂದು ಫ್ರಾನ್ಸಿನ ಮಾರಿಸ್ ದ್ಯುವರ್ಜೆ 1950ರ ದಶಕದ ಹೊತ್ತಿಗೇ ವಿವರಿಸಿದ್ದರು. ಅದೇ 25 ಮತ ರಾಜ್ಯದ ತುಂಬ ಚದುರದೆ ನಾಲ್ಕೈದು ಜಿಲ್ಲೆಗಳಲ್ಲಿ ಗುಡ್ಡೆಯಾಗಿದ್ದರೆ ಕಥೆಯೇ ಬೇರೆ. 2018ರಲ್ಲಿ ಜೆಡಿಎಸ್ ಸುಮಾರು 18 ಶೇಕಡಾ ಮತದಲ್ಲಿ 37 ಸ್ಥಾನ ಗೆದ್ದದ್ದು ಹಳೇ ಮೈಸೂರು ಸೀಮೆಯಲ್ಲಿ ಅದಕ್ಕೆ ಗುಡ್ಡೆ ಮತ ಇದ್ದುದರಿಂದ. 2013ರಲ್ಲಿ ಯಡಿಯೂರಪ್ಪನವರ ಕೆಜೆಪಿ ಹತ್ತಿರ ಹತ್ತಿರ 10 ಶೇಕಡಾ ಮತ ಪಡೆದೂ ಆರೇ ಸ್ಥಾನಕ್ಕೆ ನಿಂತಿತು.

ಈಗ ಅರಸು ಅವರ ಜನ ಯಾರು ಎಂದು ನೋಡಿ. ಪ್ರತಿ ಊರಿನಲ್ಲೂ ಹತ್ತು ಮನೆ ಮಡಿವಾಳರು, ಐದು ಮನೆ ಕುಂಬಾರರು, ಒಂದು ಬೀದಿ ಉಪ್ಪಾರರು. ರಾಜ್ಯದ ತುಂಬ ಇದ್ದಾರೆ, ಒಂದು ಕ್ಷೇತ್ರದಲ್ಲೂ ಅವರದೇ ಬಹುಮತವಿಲ್ಲ. ಇಂಥ ಜನರಿಗೆ ದೊಡ್ಡ ಛತ್ರಿಯೇ ಬೇಕು. ಛತ್ರಿಯೊಳಗೆ ನಿಂತು ಅರಸು ಎರಡು ಸಮುದಾಯಗಳ ಯಜಮಾನಿಕೆಯನ್ನು ಮುರಿದರು. ಹೊರಗೆ ಬಂದು ಬೇರೆ ಛತ್ರಿ ಬಿಚ್ಚಿದಾಗ ಜನ ಹಳೆಯದರ ಕೆಳಗೇ ನಿಂತರು. ಅವರ ಕಣ್ಣಿಗೆ ಭೂಮಿ ಕೊಟ್ಟದ್ದು ಅರಸು ಎಂಬ ವ್ಯಕ್ತಿಯಷ್ಟೇ ಅಲ್ಲ, ಇಂದಿರಮ್ಮನ ಪಕ್ಷವೂ ಹೌದು.

ನಮ್ಮ ಪಕ್ಕದ ನಂಜನಗೂಡಿನಲ್ಲೂ ಇದರ ಸಣ್ಣ ರೂಪ ನೋಡಿದ್ದೇವೆ. ವಿ. ಶ್ರೀನಿವಾಸ ಪ್ರಸಾದ್ ಅವರು 2016ರಲ್ಲಿ ಕಾಂಗ್ರೆಸ್ ಬಿಟ್ಟು, ಮರುವರ್ಷದ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತರು. ಅವರನ್ನು ಸೋಲಿಸಿದ್ದು ಕಾಂಗ್ರೆಸ್ಸಿನ ಕಳಲೆ ಕೇಶವಮೂರ್ತಿ. 2013ರಲ್ಲಿ ಇದೇ ಕೇಶವಮೂರ್ತಿಯವರು ಜೆಡಿಎಸ್‌ನಿಂದ ನಿಂತು ಪ್ರಸಾದರ ಎದುರು ಸೋತಿದ್ದರು. ಆ ಉಪಚುನಾವಣೆಗೆ ಜೆಡಿಎಸ್ ಅಭ್ಯರ್ಥಿಯನ್ನೇ ಹಾಕಲಿಲ್ಲ. ಆಳುಗಳು ಅದಲುಬದಲಾದರು, ಕಣದಲ್ಲಿ ಮೂಲೆಗಳು ಎರಡೇ ಉಳಿದವು. 2005ರಲ್ಲಿ ಜೆಡಿಎಸ್‌ನಿಂದ ಉಚ್ಚಾಟಿತರಾದ ಸಿದ್ದರಾಮಯ್ಯನವರು ಮರುವರ್ಷ ಕಾಂಗ್ರೆಸ್ ಸೇರಿದ್ದು ಅರಸು ಅವರ 1980ರ ಸೊನ್ನೆಯನ್ನು ನೋಡಿ ಕಲಿತ ಪಾಠವಿರಬೇಕು ಎಂಬುದು ನನ್ನ ಊಹೆ.

ಸೊನ್ನೆಯ ನಂತರವೂ ಅರಸು ಸುಮ್ಮನೆ ಕೂರಲಿಲ್ಲ. ಕಾಂಗ್ರೆಸ್ ಎಂಬ ಪದವನ್ನೇ ಬಿಟ್ಟು ಕರ್ನಾಟಕ ಕ್ರಾಂತಿ ರಂಗ ಕಟ್ಟಿದರು. ಆರೋಗ್ಯ ಕೈಕೊಟ್ಟಿತ್ತು. ಎರಡು ಅವಧಿಗೆ ಮುಖ್ಯಮಂತ್ರಿಯಾಗಿದ್ದವರು, ಪೈಪು ಸೇದುತ್ತ ಎದುರಿಗಿದ್ದವರ ಲೆಕ್ಕ ಹಾಕುತ್ತಿದ್ದವರು, ಮತ್ತೆ ಮೊದಲಿಂದ ಶುರುಮಾಡಬೇಕಾಗಿತ್ತು. 1982ರ ಜೂನ್ 6ರಂದು ಅವರು ತೀರಿಕೊಂಡರು. ವಯಸ್ಸು 66.

ಅದೇ ಹೊತ್ತಿಗೆ ಜನತಾ ಪಕ್ಷವೂ ಒಂಟಿಯಾಗಿ ಗೆಲ್ಲುವ ಸ್ಥಿತಿಯಲ್ಲಿರಲಿಲ್ಲ. ನರಗುಂದ, ನವಲಗುಂದದ ಗೋಲಿಬಾರಿನಿಂದ ರೈತರು ಸಿಟ್ಟಾಗಿದ್ದರು, ಗೋಕಾಕ್ ಚಳವಳಿ ಊರೂರು ಮುಟ್ಟಿತ್ತು. ಎರಡನೆಯವರೂ ಮೂರನೆಯವರೂ ಕೂಡಿದರು. 1983ರ ಜನವರಿಯ ಚುನಾವಣೆಯಲ್ಲಿ ಜನತಾ ಮತ್ತು ಕ್ರಾಂತಿ ರಂಗದ ಕೂಟಕ್ಕೆ 95, ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18. ನನ್ನ ಲೆಕ್ಕದ 35ಕ್ಕೆ 25ರಲ್ಲಿ ಒಂದು ಪಾಲು ಸೇರಿದರೂ 40ನ್ನು ದಾಟುತ್ತದೆ. ಬಿಜೆಪಿ ಮತ್ತು ಎಡಪಕ್ಷಗಳು ಹೊರಗಿನಿಂದ ಬೆಂಬಲ ಕೊಟ್ಟವು. ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಜನವರಿ 10ರಂದು ಪ್ರಮಾಣವಚನ ತೆಗೆದುಕೊಂಡಿತು. ಅರಸು ಹೋಗಿ ಏಳು ತಿಂಗಳಾಗಿತ್ತು.

ಮುಖ್ಯಮಂತ್ರಿಯಾದವರು ಜನತಾ ಪಕ್ಷದ ರಾಮಕೃಷ್ಣ ಹೆಗಡೆ. ಕ್ರಾಂತಿ ರಂಗದ ಮುಂದಾಳಾಗಿದ್ದ ಎಸ್. ಬಂಗಾರಪ್ಪನವರಿಗೆ ಆ ಕುರ್ಚಿ ಸಿಗಲಿಲ್ಲ. ಅವರು ಕಾಂಗ್ರೆಸ್ಸಿಗೆ ಮರಳಿ 1990ರಲ್ಲಿ ಆ ಪಕ್ಷದಿಂದಲೇ ಮುಖ್ಯಮಂತ್ರಿಯಾದರು. ಆಮೇಲೆ ಅದನ್ನೂ ಬಿಟ್ಟು ಸ್ವಂತ ಪಕ್ಷ ಕಟ್ಟಿ 1994ರಲ್ಲಿ ಹತ್ತು ಸ್ಥಾನ ಗೆದ್ದರು. ಕ್ರಾಂತಿ ರಂಗದ ಹೆಸರು ಅಷ್ಟರಲ್ಲಿ ಮತಪತ್ರದಿಂದ ಮಾಯವಾಗಿತ್ತು. 1983ರಲ್ಲಿ 18 ಗೆದ್ದು ಬದಿಯಲ್ಲಿ ಕೂತಿದ್ದ ಪಕ್ಷ 2004ರಲ್ಲಿ 79 ಸ್ಥಾನ ಪಡೆದು ವಿಧಾನಸಭೆಯ ಅತಿ ದೊಡ್ಡ ಪಕ್ಷವಾಯಿತು.