ಮೇಣದಬತ್ತಿ ಹಿಡಿದು ದೇಹದೊಳಗೆ ಇಣುಕಿದ ವೈದ್ಯ: ಫಿಲಿಪ್ ಬೊಜ್ಜಿನಿ

ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಸಿಕೊಂಡವರ ಹೊಟ್ಟೆಯ ಮೇಲೆ ಮೂರ್ನಾಲ್ಕು ಪುಟ್ಟ ಗುರುತುಗಳಷ್ಟೇ ಉಳಿಯುತ್ತವೆ. ಇದೆಲ್ಲ ಕಂಪ್ಯೂಟರ್ ಯುಗದ ಕೊಡುಗೆ ಎಂದು ನಾವು ಭಾವಿಸುತ್ತೇವೆ. ಆದರೆ ಇದರ ಬೇರು ಇರುವುದು ಒಂದು ಮೇಣದಬತ್ತಿಯಲ್ಲಿ!

ಫಿಲಿಪ್ ಬೊಜ್ಜಿನಿ ಹುಟ್ಟಿದ್ದು 1773ರಲ್ಲಿ, ಜರ್ಮನಿಯ ಮೈನ್ಜ್ ನಗರದಲ್ಲಿ. ತಂದೆ ಇಟಲಿ ಮೂಲದವರು. ವೈದ್ಯರಾಗಿ ಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ನೀಡಿದ ಬೊಜ್ಜಿನಿ, ನಂತರ ಫ್ರಾಂಕ್‌ಫರ್ಟ್‌ನಲ್ಲಿ ನೆಲೆಸಿದರು. ಆಗ ದೇಹದೊಳಗಿನ ತೊಂದರೆಯನ್ನು ವೈದ್ಯರು ಕೈಯಿಂದ ಮುಟ್ಟಿ ಊಹಿಸಬೇಕಿತ್ತು. ಅರಿವಳಿಕೆಯಾಗಲಿ ಎಕ್ಸ್‌-ರೇ ಆಗಲಿ ಇನ್ನೂ ಬಂದಿರಲಿಲ್ಲ.

ಬೊಜ್ಜಿನಿ ರೂಪಿಸಿದ ಸಾಧನದ ಹೆಸರು ಲಿಷ್ಟ್‌ಲೈಟರ್, ಅಂದರೆ ಬೆಳಕು ಒಯ್ಯುವ ಸಾಧನ. ಅದು ಹೂದಾನಿ ಆಕಾರದ ಲಾಂದ್ರ. ಒಳಗೆ ಮೇಣದಬತ್ತಿ, ಅದರ ಹಿಂದೆ ಬೆಳಕನ್ನು ಮುಂದಕ್ಕೆ ತಳ್ಳುವ ಕನ್ನಡಿ, ಮುಂದೆ ಕಿರಿದಾದ ನಳಿಕೆ. ಜಾಣತನವಿದ್ದುದು ನಡುವಿನ ತಡೆಯಲ್ಲಿ. ಬೆಳಕು ಒಂದು ದಾರಿಯಲ್ಲಿ ಒಳಹೋದರೆ, ದೃಶ್ಯ ಇನ್ನೊಂದು ದಾರಿಯಲ್ಲಿ ಕಣ್ಣಿಗೆ ಮರಳುತ್ತಿತ್ತು. ಹೀಗಾಗಿ ಬತ್ತಿಯ ಬೆಳಕು ನೋಡುವವರ ಕಣ್ಣು ಕುಕ್ಕುತ್ತಿರಲಿಲ್ಲ.

1806ರಲ್ಲಿ ಸಾಧನ ವಿಯೆನ್ನಾ ತಲುಪಿತು. ಸೇನಾ ವೈದ್ಯಕೀಯ ಅಕಾಡೆಮಿಯ ತಜ್ಞರು ಮೆಚ್ಚಿದರು. ಆದರೆ ವಿಯೆನ್ನಾದ ವೈದ್ಯಕೀಯ ವಿಭಾಗ ಒಪ್ಪಲಿಲ್ಲ. ಅವರ ಆಕ್ಷೇಪಗಳಲ್ಲಿ ಹುರುಳಿಲ್ಲದೆ ಇರಲಿಲ್ಲ: ಬೆಳಕು ಮಂದ, ಕಾಣುವ ಜಾಗ ಚಿಕ್ಕದು, ರೋಗಿಗೆ ನೋವು. 1807ರಲ್ಲಿ ಬೊಜ್ಜಿನಿ ಇದರ ಬಗ್ಗೆ ಪುಸ್ತಕ ಪ್ರಕಟಿಸಿದರೂ ಸಾಧನ ಬಳಕೆಗೆ ಬರಲಿಲ್ಲ. 1809ರ ಏಪ್ರಿಲ್‌ನಲ್ಲಿ, ಟೈಫಸ್ ರೋಗಿಗಳಿಗೆ ಚಿಕಿತ್ಸೆ ನೀಡುತ್ತಿದ್ದಾಗ ಅದೇ ಸೋಂಕು ತಗುಲಿ ಅವರು ತೀರಿಕೊಂಡರು. ವಯಸ್ಸು ಕೇವಲ 35. ಹೆಂಡತಿ, ಮಕ್ಕಳು ಅನಾಥರಾದರು.

ಆದರೆ ಅವರ ಆಲೋಚನೆ ಸಾಯಲಿಲ್ಲ. 1901ರಲ್ಲಿ ಜರ್ಮನಿಯ ಗೇಯಾರ್ಗ್ ಕೆಲ್ಲಿಂಗ್ ನಾಯಿಯ ಹೊಟ್ಟೆಯೊಳಗೆ ಗಾಳಿ ತುಂಬಿ ಇಣುಕಿದರು. 1910ರಲ್ಲಿ ಸ್ವೀಡನ್ನಿನ ಯಾಕೋಬೇಯಸ್ ಮನುಷ್ಯರಲ್ಲಿ ಇದನ್ನು ಮಾಡಿದ ವರದಿ ಪ್ರಕಟಿಸಿದರು. ಇಂದಿನ ಲ್ಯಾಪರೋಸ್ಕೋಪ್‌ನಲ್ಲೂ ಬೆಳಕಿಗೆ ಒಂದು ದಾರಿ, ದೃಶ್ಯಕ್ಕೆ ಇನ್ನೊಂದು ದಾರಿ. ಮೇಣದಬತ್ತಿಯ ಜಾಗದಲ್ಲಿ ಈಗ ಪ್ರಖರ ದೀಪ ಮತ್ತು ಗಾಜಿನ ಎಳೆಗಳಿವೆ, ಕಣ್ಣಿನ ಜಾಗದಲ್ಲಿ ಕ್ಯಾಮೆರಾ ಇದೆ.

ಈಗ ಆ ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರ್ ಕೂಡ ನೋಡುತ್ತಿದೆ. ಸಿಟಿ ಸ್ಕ್ಯಾನ್‌ನಲ್ಲಿ ಕಂಡ ಗಡ್ಡೆ, ರಕ್ತನಾಳಗಳನ್ನು ಪರದೆಯ ಮೇಲೆ ಅಂಗದ ಚಿತ್ರಕ್ಕೇ ಹೊಂದಿಸಿ ತೋರಿಸುವುದು ಆಗ್ಮೆಂಟೆಡ್ ರಿಯಾಲಿಟಿ. ಹಾಗೆಂದು ಯಂತ್ರವೇ ಎಲ್ಲ ಮಾಡಿಬಿಡುತ್ತದೆ ಎಂದುಕೊಳ್ಳಬೇಡಿ. ಯಕೃತ್ತಿನಂಥ ಮೃದು ಅಂಗ ಉಸಿರಾಟದೊಂದಿಗೆ ಅಲುಗುತ್ತದೆ, ಒತ್ತಿದರೆ ಆಕಾರ ಬದಲಿಸುತ್ತದೆ. ಆಗ ಹೊಂದಾಣಿಕೆ ತಪ್ಪಬಹುದು, ತಪ್ಪು ಜಾಗಕ್ಕೆ ಕತ್ತರಿ ತಾಗಬಹುದು. ಅದಕ್ಕೇ ಕೊನೆಯ ನಿರ್ಧಾರ ಇನ್ನೂ ವೈದ್ಯರದೇ.

ದೇಹ ಸೀಳದೆ ಒಳಗನ್ನು ಸರಿಯಾಗಿ ಕಾಣುವುದು ಹೇಗೆ? ಬೊಜ್ಜಿನಿ ಬತ್ತಿ ಹಚ್ಚಿ ಕೇಳಿದ ಪ್ರಶ್ನೆಗೆ ನಾವು ಇಂದಿಗೂ ಉತ್ತರ ಹುಡುಕುತ್ತಿದ್ದೇವೆ.