ಕಾದಂಬರಿ ಪಿತಾಮಹ ಗಳಗನಾಥರು

ಕಾದಂಬರಿಯೊಂದನ್ನು ಕೊಂಡು ಓದುವುದು ಇಂದು ನಮಗೆ ಸಹಜವಾದ ಸಂಗತಿ. ಆದರೆ ಸುಮಾರು ನೂರ ಇಪ್ಪತ್ತೈದು ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿ ಇಂತಹ ಸ್ಥಿತಿ ಇರಲಿಲ್ಲ. ಆಗ ಕಾದಂಬರಿಯೆಂಬ ಸಾಹಿತ್ಯ ಪ್ರಕಾರವೇ ಕನ್ನಡಕ್ಕೆ ಹೊಸದು. ಬರೆಯುವವರು ವಿರಳ, ಅಚ್ಚು ಹಾಕಿಸುವವರು ಇನ್ನೂ ವಿರಳ, ಹಣ ಕೊಟ್ಟು ಓದುವವರಂತೂ ಅತಿ ವಿರಳ. ಅಂತಹ ಕಾಲದಲ್ಲಿ ಕಾದಂಬರಿಯನ್ನು ಬರೆದು, ಅದನ್ನು ಮುದ್ರಿಸಿ, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಮಹನೀಯರೊಬ್ಬರು ಇದ್ದರು. ಅವರೇ ಗಳಗನಾಥರು.

ಗಳಗನಾಥರ ನಿಜನಾಮ ವೆಂಕಟೇಶ ತಿರಕೋ ಕುಲಕರ್ಣಿ. ಅವರು 1869ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಗಳಗನಾಥ ಎಂಬ ಗ್ರಾಮದಲ್ಲಿ ಜನಿಸಿದರು. ಆಗ ಆ ಊರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದಿತು. ಹುಟ್ಟಿದ ಊರಿನ ಹೆಸರೇ ಅವರ ಕಾವ್ಯನಾಮವಾಯಿತು. ಈ ಗ್ರಾಮವು ವರದಾ ಮತ್ತು ತುಂಗಭದ್ರಾ ನದಿಗಳ ಸಂಗಮದಲ್ಲಿದೆ. ಅಲ್ಲಿ ಗಳಗೇಶ್ವರನ ಪ್ರಾಚೀನ ದೇವಾಲಯವಿದೆ. ಇಲ್ಲಿಂದ ಮುಂದೆ ಹರಿಯುವ ತುಂಗಭದ್ರೆಯು ಹೊಸಪೇಟೆಯ ಬಳಿ ಸಾಗಿ, ಹಂಪಿಯ ಬಂಡೆಗಳ ನಡುವೆ ನುಸುಳಿ, ಕಂಪ್ಲಿಯನ್ನು ಮುಟ್ಟುತ್ತದೆ. ಹೀಗೆ ಗಳಗನಾಥರು ಬಾಲ್ಯದಲ್ಲಿ ಕಂಡ ಹೊಳೆಯೇ ವಿಜಯನಗರದ ಹೊಳೆಯೂ ಆಗಿದ್ದಿತು. ಮುಂದೆ ಅವರ ಲೇಖನಿಯೂ ಆ ಹೊಳೆಯ ಜಾಡನ್ನೇ ಹಿಡಿದು ಹಂಪಿಯವರೆಗೆ ಸಾಗಿತು.

ಆ ಕಾಲದಲ್ಲಿ ಕನ್ನಡಿಗರು ಒಂದೇ ಆಡಳಿತದ ಕೆಳಗೆ ಇರಲಿಲ್ಲ. ಧಾರವಾಡವು ಮುಂಬಯಿ ಪ್ರಾಂತದಲ್ಲಿದ್ದರೆ, ಹೊಸಪೇಟೆ, ಹಂಪಿ, ಕಂಪ್ಲಿಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಪಕ್ಕದ ಸಂಡೂರು ಪ್ರತ್ಯೇಕ ಸಂಸ್ಥಾನವಾಗಿದ್ದಿತು. ಮುಂಬಯಿ ಪ್ರಾಂತದ ಕನ್ನಡ ಭಾಗದಲ್ಲಿ ಮರಾಠಿಯ ಪ್ರಭಾವ ಪ್ರಬಲವಾಗಿದ್ದಿತು. ವಿದ್ಯಾವಂತರಾದ ಅನೇಕ ಕನ್ನಡಿಗರು ಮರಾಠಿ ಗ್ರಂಥಗಳನ್ನೇ ಓದುತ್ತಿದ್ದರು. ಕನ್ನಡವನ್ನು ಬೆಳೆಸುವ ಉದ್ದೇಶದಿಂದ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪನೆಯಾಯಿತು. ಆದರೆ ಸಂಘವೊಂದರಿಂದಲೇ ಭಾಷೆ ಬೆಳೆಯಲಾರದು. ಜನರು ಆಸೆಪಟ್ಟು ಓದುವಂತಹ ಗ್ರಂಥಗಳು ಹುಟ್ಟಬೇಕು. ಶಿಕ್ಷಕ ವೃತ್ತಿಯಲ್ಲಿದ್ದ ಗಳಗನಾಥರು ಈ ಕೊರತೆಯನ್ನು ಮನಗಂಡು ಕಾದಂಬರಿಯ ರಚನೆಗೆ ತೊಡಗಿದರು. ಅವರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ಯು 1898ರ ಸುಮಾರಿನದು.

ಅಂದಿನ ಕನ್ನಡ ಕಾದಂಬರಿಯು ನೆರೆಯ ಭಾಷೆಗಳ ಕೈಹಿಡಿದು ನಡೆಯಲು ಕಲಿಯಿತು. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಉತ್ತರದಲ್ಲಿ ಗಳಗನಾಥರು ಪ್ರಸಿದ್ಧ ಮರಾಠಿ ಲೇಖಕರಾದ ಹರಿ ನಾರಾಯಣ ಆಪಟೆಯವರ ಕಾದಂಬರಿಗಳಿಂದ ಸ್ಫೂರ್ತಿ ಪಡೆದರು. ಅವುಗಳಲ್ಲಿ ಹಲವನ್ನು ಕನ್ನಡಕ್ಕೆ ಅಳವಡಿಸಿದರು. ಅನ್ಯರ ಕಥೆಯನ್ನು ತನ್ನ ಜನರಿಗಾಗಿ ಮತ್ತೆ ಬರೆಯುವುದು ಸುಲಭವಾದ ಕೆಲಸವಲ್ಲ. ಓದುಗನು ಬದಲಾದರೆ ಕಥೆಯ ದೃಷ್ಟಿಯೂ ಬದಲಾಗಬೇಕಾಗುತ್ತದೆ. ಇದಕ್ಕೆ ‘ಕನ್ನಡಿಗರ ಕರ್ಮಕಥೆ’ ಎಂಬ ಕಾದಂಬರಿಯು ಉತ್ತಮ ನಿದರ್ಶನವಾಗಿದೆ.

1565ರ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರವು ಸೋತು, ಹಂಪಿಯ ಮಹಾನಗರವು ಹಾಳಾದ ವೃತ್ತಾಂತವನ್ನು ಕುರಿತು ಆಪಟೆಯವರು ‘ವಜ್ರಾಘಾತ’ ಎಂಬ ಕಾದಂಬರಿಯನ್ನು ರಚಿಸಿದ್ದರು. ವಜ್ರಾಘಾತವೆಂದರೆ ಸಿಡಿಲಿನ ಹೊಡೆತ. ಅದು ಹೊರಗಿನಿಂದ ಬಂದೆರಗುವಂತಹುದು. ಗಳಗನಾಥರು ಇದೇ ಕಥೆಯನ್ನು ಕನ್ನಡಕ್ಕೆ ತರುವಾಗ ‘ಕನ್ನಡಿಗರ ಕರ್ಮಕಥೆ’ ಎಂದು ಹೆಸರಿಟ್ಟರು. ಈ ಒಂದು ಬದಲಾವಣೆಯಲ್ಲಿಯೇ ಅವರ ಮನಸ್ಸು ನಮಗೆ ಗೋಚರವಾಗುತ್ತದೆ. ಬೇರೆಯವರಿಗೆ ಒಂದು ರಾಜ್ಯಕ್ಕೆ ಬಡಿದ ಸಿಡಿಲಾಗಿ ಕಂಡದ್ದು ಕನ್ನಡಿಗನಿಗೆ ತನ್ನದೇ ಮನೆಯ ದುಃಖದ ಕಥೆ. ಕರ್ಮವೆಂಬ ಶಬ್ದದಲ್ಲಿ ವಿಧಿಯೂ ಇದೆ, ತಾವೇ ಮಾಡಿದ ಕೃತ್ಯದ ಫಲವೂ ಇದೆ. ಪತನಕ್ಕೆ ನಮ್ಮ ಹೊಣೆಯೆಷ್ಟು ಎಂಬುದನ್ನು ಓದುಗರು ತಮ್ಮನ್ನು ತಾವೇ ಕೇಳಿಕೊಳ್ಳುವಂತೆ ಆ ಹೆಸರು ಪ್ರೇರಿಸುತ್ತದೆ.

ಪತನದ ಕಥೆಗೆ ಅವರು ಮರಾಠಿಯ ಆಧಾರವನ್ನು ಪಡೆದರು. ಆದರೆ ವಿಜಯನಗರದ ಉದಯದ ಕಥೆಯನ್ನು ಸ್ವತಂತ್ರವಾಗಿಯೇ ರಚಿಸಿದರು. ಅದುವೇ 1923ರಲ್ಲಿ ಪ್ರಕಟವಾದ ‘ಮಾಧವ ಕರುಣಾವಿಲಾಸ’. ಅವರ ಕೃತಿಗಳಲ್ಲಿ ಇದಕ್ಕೆ ವಿಶಿಷ್ಟ ಸ್ಥಾನವಿದೆ. ಈ ಕೃತಿಯ ಹಿನ್ನೆಲೆಯಾದ ಪ್ರದೇಶವನ್ನು ನಾವು ಇಂದಿಗೂ ನೋಡಬಹುದು. ದಕ್ಷಿಣದಲ್ಲಿ ಸಂಡೂರಿನ ಗಿರಿಶ್ರೇಣಿ. ತುಂಗಭದ್ರೆಯ ದಂಡೆಯಲ್ಲಿ ಕಂಪ್ಲಿ. ಹೊಳೆಯ ಆಚೆ ಆನೆಗೊಂದಿ. ಈಚೆ ವಿರೂಪಾಕ್ಷನ ಹಂಪಿ. ದಿಲ್ಲಿಯ ಸುಲ್ತಾನನ ಸೇನೆಯು 1327ರ ಸುಮಾರಿಗೆ ಕಂಪಿಲಿಯ ರಾಜ್ಯವನ್ನು ನಾಶಮಾಡಿತು. ಆ ಬಳಿಕ ಹರಿಹರ ಮತ್ತು ಬುಕ್ಕ ಎಂಬ ಸಹೋದರರು ಇದೇ ಪ್ರದೇಶದಲ್ಲಿ ಹೊಸ ರಾಜ್ಯವನ್ನು ಕಟ್ಟಿದರು. 1336ನೆಯ ಇಸವಿಯನ್ನು ಅದರ ಸ್ಥಾಪನೆಯ ವರ್ಷವೆಂದು ಪರಂಪರೆಯು ಹೇಳುತ್ತದೆ. ಮಾಧವನೆಂಬ ಹೆಸರಿನಿಂದಲೂ ಪ್ರಸಿದ್ಧರಾದ ವಿದ್ಯಾರಣ್ಯರು ಆ ಸಹೋದರರಿಗೆ ಮಾರ್ಗದರ್ಶಕರಾಗಿದ್ದರೆಂಬುದು ಜನರ ನಂಬಿಕೆ. ಈ ವಿಷಯದಲ್ಲಿ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಗಳಗನಾಥರು ಕಾದಂಬರಿಕಾರರು. ನಾಶದ ಬೂದಿಯಿಂದ ಒಂದು ನಾಡು ಮತ್ತೆ ಎದ್ದು ನಿಲ್ಲಬಲ್ಲುದು ಎಂಬ ಭರವಸೆಯನ್ನು ಅವರು ಆ ಪರಂಪರೆಯಲ್ಲಿ ಕಂಡರು. ಪರರ ಆಳ್ವಿಕೆಯಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಅಂತಹ ಭರವಸೆ ಅತ್ಯಗತ್ಯವಾಗಿದ್ದಿತು.

ಆ ದಿನಗಳಲ್ಲಿ ಹಂಪಿಯ ನೆನಪು ನಾಡಿನಲ್ಲಿ ಮತ್ತೆ ಜಾಗೃತವಾಗುತ್ತಿದ್ದಿತು. ರಾಬರ್ಟ್ ಸೀವೆಲ್ ಎಂಬ ಆಂಗ್ಲ ಅಧಿಕಾರಿಯು 1900ರಲ್ಲಿ ವಿಜಯನಗರದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ್ದನು. 1905ರಲ್ಲಿ ಹಂಪಿಯನ್ನು ಸಂದರ್ಶಿಸಿದ ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಬರೆದು ಕನ್ನಡಿಗರನ್ನು ಎಚ್ಚರಿಸಿದರು. ಇತಿಹಾಸದ ಗ್ರಂಥವನ್ನು ಓದದ ಸಾಮಾನ್ಯ ಜನರಿಗೂ ಆ ಸ್ಮೃತಿಯನ್ನು ಮುಟ್ಟಿಸಲು ಕಥೆಯೇ ತಕ್ಕ ಸಾಧನವಾಗಿದ್ದಿತು. ಆ ಕಾರ್ಯವನ್ನು ಗಳಗನಾಥರು ನಿರ್ವಹಿಸಿದರು.

ಈ ಕಾರ್ಯಕ್ಕೆ ಅವರು ಪತ್ರಿಕೆಯನ್ನೂ ಬಳಸಿಕೊಂಡರು. 1907ರಲ್ಲಿ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯು ಪ್ರಾರಂಭವಾಯಿತು. ಗಳಗನಾಥರು ಅದರ ಬೆಳವಣಿಗೆಗಾಗಿ ಶ್ರಮಿಸಿದರು. ಅವರ ಬರೆಹಗಳು ಆ ಪತ್ರಿಕೆಯ ಮೂಲಕ ಹಳ್ಳಿಹಳ್ಳಿಗಳ ಓದುಗರನ್ನು ಮುಟ್ಟಿದವು. ತಿಂಗಳು ತಿಂಗಳು ಬರೆಯುವ ಲೇಖಕನಿಗೆ ವಿರಾಮವೆಂಬುದಿಲ್ಲ. ಮನಸ್ಸು ಬಂದಾಗ ಬರೆಯುತ್ತೇನೆಂದು ಅವನು ಹೇಳುವಂತಿಲ್ಲ. ಸಂಚಿಕೆಯ ದಿನ ಅವನಿಗಾಗಿ ಕಾಯುವುದಿಲ್ಲ.

ಅಂದಿನ ಮುದ್ರಣ ವಿಧಾನವೂ ಶ್ರಮದಾಯಕವಾಗಿದ್ದಿತು. ಹಸ್ತಪ್ರತಿಯನ್ನು ಕೈಯಿಂದಲೇ ಬರೆಯಬೇಕು. ಒಂದು ಪ್ರಕರಣವನ್ನು ಬದಲಿಸಬೇಕಾದರೆ ಅಷ್ಟನ್ನೂ ಮತ್ತೆ ಬರೆಯಬೇಕು. ಮುದ್ರಣಾಲಯದಲ್ಲಿ ಸೀಸದ ಮೊಳೆಗಳನ್ನು ಅಕ್ಷರ ಅಕ್ಷರವಾಗಿ ಜೋಡಿಸಿ ಪುಟವನ್ನು ಸಿದ್ಧಪಡಿಸುತ್ತಿದ್ದರು. ಒತ್ತು, ದೀರ್ಘಗಳಿಂದ ಕೂಡಿದ ಕನ್ನಡ ಲಿಪಿಗೆ ಬಗೆಬಗೆಯ ಮೊಳೆಗಳು ಬೇಕಾಗುತ್ತಿದ್ದವು. ಮೊದಲು ತೆಗೆದ ಕರಡಚ್ಚನ್ನು ಲೇಖಕನು ಓದಿ ತಪ್ಪುಗಳನ್ನು ತಿದ್ದಬೇಕು. ಕೆಲವು ಪುಟಗಳು ಅಚ್ಚಾದ ಕೂಡಲೇ ಮೊಳೆಗಳನ್ನು ಬಿಚ್ಚಿ ಮುಂದಿನ ಪುಟಗಳಿಗೆ ಬಳಸುತ್ತಿದ್ದುದರಿಂದ, ಹಿಂದಿನದನ್ನು ಮತ್ತೆ ತಿದ್ದುವ ಅವಕಾಶ ಇರುತ್ತಿರಲಿಲ್ಲ. ಉಳಿದ ದೋಷವು ಎರಡನೆಯ ಮುದ್ರಣದವರೆಗೂ ಉಳಿಯುತ್ತಿದ್ದಿತು. ಮೊದಲ ಮುದ್ರಣದ ಪ್ರತಿಗಳು ಮಾರಾಟವಾಗದಿದ್ದರೆ ಎರಡನೆಯದು ಬರುವಂತೆಯೇ ಇಲ್ಲ. ಆದಕಾರಣ ಅಂದಿನ ಲೇಖಕರು ಲೇಖನಿಯನ್ನು ಎಚ್ಚರದಿಂದ ಹಿಡಿಯಬೇಕಾಗಿದ್ದಿತು.

ಗ್ರಂಥವು ಅಚ್ಚಾದ ಮಾತ್ರಕ್ಕೆ ಗಳಗನಾಥರ ಕೆಲಸ ಮುಗಿಯುತ್ತಿರಲಿಲ್ಲ. ಇಂದಿನಂತೆ ಪುಸ್ತಕದ ಅಂಗಡಿಗಳಾಗಲಿ, ಪ್ರಕಾಶನ ಸಂಸ್ಥೆಗಳಾಗಲಿ ಆಗ ಹೆಚ್ಚಾಗಿ ಇರಲಿಲ್ಲ. ಓದುಗನು ಪುಸ್ತಕವನ್ನು ಹುಡುಕಿಕೊಂಡು ಬಾರದಿದ್ದಾಗ ಪುಸ್ತಕವೇ ಓದುಗನ ಮನೆಗೆ ಹೋಗಬೇಕಾಯಿತು. ಗಳಗನಾಥರು ತಮ್ಮ ಗ್ರಂಥಗಳನ್ನು ತಾವೇ ಹೊತ್ತು ಊರೂರು ಸುತ್ತಿದರು. ಮನೆಮನೆಯ ಬಾಗಿಲಿಗೆ ಹೋದರು. ವಿದ್ವಾಂಸರೊಬ್ಬರು ಹೀಗೆ ಹೊರೆ ಹೊತ್ತು ತಿರುಗುವುದು ಕೀಳೆಂದು ಅವರು ಭಾವಿಸಲಿಲ್ಲ. ಮಾರಾಟವಾಗದೆ ಉಳಿದ ಪ್ರತಿಗಳ ನಷ್ಟವನ್ನು ಹೊರುವವರು ಬೇರೆ ಯಾರೂ ಇರಲಿಲ್ಲ. ಇಷ್ಟಾದರೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ‘ಕುಮುದಿನಿ’ಯೇ ಮೊದಲಾದ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಅವರು ರಚಿಸಿದರು. ಪೌರಾಣಿಕ ಗ್ರಂಥಗಳನ್ನೂ ಪ್ರಬಂಧಗಳನ್ನೂ ಬರೆದರು. ಕನ್ನಡದಲ್ಲಿ ಓದುವ ಹವ್ಯಾಸವನ್ನು ಬೆಳೆಸಿದ ಅವರನ್ನು ಜನರು ಕಾದಂಬರಿ ಪಿತಾಮಹರೆಂದು ಗೌರವಿಸಿದರು.

ಗಳಗನಾಥರ ಕೃತಿಗಳಲ್ಲಿ ದೋಷಗಳಿಲ್ಲವೆಂದು ಹೇಳಲಾಗದು. ಕಥೆಯ ನಡುವೆ ನೀತಿಬೋಧೆ ಅಧಿಕವಾಯಿತೆಂದೂ, ಭಾಷೆಯಲ್ಲಿ ಸಂಸ್ಕೃತ ಪದಗಳ ಭಾರ ಹೆಚ್ಚಾಯಿತೆಂದೂ ವಿಮರ್ಶಕರು ಹೇಳಿದ್ದಾರೆ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಮೊದಲು ದಾರಿ ಕಡಿದವನ ಕೆಲಸವನ್ನು ಅನಂತರ ಆ ದಾರಿಯಲ್ಲಿ ನಡೆದವರ ವೇಗದಿಂದ ಅಳೆಯುವುದು ನ್ಯಾಯವಲ್ಲ. ಮುಂದೆ ಬಂದ ಕನ್ನಡ ಕಾದಂಬರಿಕಾರರಿಗೆ ಓದುಗರು ಮೊದಲೇ ಸಿದ್ಧರಾಗಿದ್ದರು. ಗಳಗನಾಥರಾದರೋ ಕೃತಿಯೊಂದಿಗೆ ಓದುಗನನ್ನೂ ಸೃಷ್ಟಿಸಬೇಕಾಗಿದ್ದಿತು.

ಗಳಗನಾಥರು 1942ರಲ್ಲಿ ಕಾಲವಶರಾದರು. ಕನ್ನಡ ನಾಡು ಒಂದಾದುದನ್ನು ನೋಡುವ ಭಾಗ್ಯ ಅವರಿಗೆ ಒದಗಲಿಲ್ಲ. ಅವರು ತೀರಿಕೊಂಡ ಹದಿನಾಲ್ಕು ವರ್ಷಗಳ ಬಳಿಕ, 1956ರಲ್ಲಿ, ಕನ್ನಡ ಪ್ರದೇಶಗಳು ಒಂದೇ ರಾಜ್ಯದಲ್ಲಿ ಸೇರಿದವು. 1986ರಲ್ಲಿ ಹಂಪಿಯು ವಿಶ್ವ ಪರಂಪರೆಯ ತಾಣವೆಂದು ಮನ್ನಣೆ ಪಡೆಯಿತು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿ ಉಳ್ಳ ಹೊಸ ಜಿಲ್ಲೆಗೆ ವಿಜಯನಗರವೆಂದೇ ಹೆಸರಿಡಲಾಯಿತು. ಸಂಡೂರು ಮತ್ತು ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿ ಉಳಿದವು. ಇಂದು ಹಂಪಿಯ ಹೆಸರನ್ನು ಅರಿಯದ ಕನ್ನಡಿಗನಿಲ್ಲ. ಆ ಹೆಸರು ಜನಮನದಲ್ಲಿ ಮಸುಕಾಗಿದ್ದ ಕಾಲದಲ್ಲಿ ಅದನ್ನು ಕಥೆಯಾಗಿಸಿ, ಹೆಗಲ ಮೇಲೆ ಹೊತ್ತು, ಮನೆಮನೆಗೆ ಮುಟ್ಟಿಸಿದವರಲ್ಲಿ ಗಳಗನಾಥರು ಅಗ್ರಗಣ್ಯರು. ಕನ್ನಡದ ಪುಸ್ತಕವೊಂದನ್ನು ಕೊಂಡು ಓದುವ ಪ್ರತಿಯೊಬ್ಬನೂ ಅವರ ಋಣವನ್ನು ಅಷ್ಟರಮಟ್ಟಿಗೆ ತೀರಿಸಿದಂತಾಗುತ್ತದೆ.