ವೈದ್ಯಶ್ರೇಷ್ಠ ಹುನೈನ್ ಇಬ್ನ್ ಇಸ್ಹಾಕ್

ಅಲ್ಪಸಂಖ್ಯಾತರಾಗಿ ಬಾಳಿದ ಕ್ರೈಸ್ತರು ತಮ್ಮ ವಿದ್ಯೆಯಿಂದ ಇಡೀ ನಾಡಿಗೆ ಉಪಕರಿಸಿದ ನಿದರ್ಶನಗಳು ಇತಿಹಾಸದಲ್ಲಿ ಅನೇಕ. ಅಂಥವರಲ್ಲಿ ಬಾಗ್ದಾದಿನ ಹುನೈನ್ ಇಬ್ನ್ ಇಸ್ಹಾಕನು ಅಗ್ರಗಣ್ಯನು.

ಕ್ರಿ.ಶ. 809ರ ಸುಮಾರಿಗೆ ಇಂದಿನ ಇರಾಕಿನ ಹೀರಾ ಪಟ್ಟಣದಲ್ಲಿ, ಸಿರಿಯಾಕ್ ಭಾಷೆಯಲ್ಲಿ ದೇವಾರಾಧನೆ ನಡೆಸುತ್ತಿದ್ದ ಪೂರ್ವ ಧರ್ಮಸಭೆಯ ಕುಟುಂಬವೊಂದರಲ್ಲಿ ಆತನು ಜನಿಸಿದನು. ತಂದೆ ಔಷಧಿ ವ್ಯಾಪಾರಿ. ಆಗ ಅಬ್ಬಾಸಿ ಖಲೀಫರ ಆಳ್ವಿಕೆ. ಕ್ರೈಸ್ತರು ಜಿಝಿಯಾ ಎಂಬ ತಲೆಗಂದಾಯವನ್ನು ತೆತ್ತು ಸ್ವಧರ್ಮವನ್ನು ಆಚರಿಸುತ್ತಿದ್ದರು.

ಬಾಗ್ದಾದಿನಲ್ಲಿ ಹುನೈನನು ಯೂಹನ್ನಾ ಇಬ್ನ್ ಮಾಸವೈಹ್ ಎಂಬ ಕ್ರೈಸ್ತ ವೈದ್ಯನ ಶಿಷ್ಯನಾದನು. ಪದೇಪದೇ ಪ್ರಶ್ನಿಸುತ್ತಿದ್ದ ಶಿಷ್ಯನ ಮೇಲೆ ಮುನಿದು ಗುರುವು ಅವನನ್ನು ಹೊರಗಟ್ಟಿದನು. ಎದೆಗುಂದದ ಹುನೈನನು ಗ್ರೀಕ್ ಭಾಷೆಯಲ್ಲಿ ಪಾಂಡಿತ್ಯ ಗಳಿಸಿ ಮರಳಿದಾಗ, ಅದೇ ಗುರುವು ಅವನಿಂದ ಗ್ರಂಥಗಳನ್ನು ಅನುವಾದ ಮಾಡಿಸಿಕೊಂಡನು.

ಪ್ರಾಚೀನ ವೈದ್ಯ ಗ್ಯಾಲೆನನ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬೀ ಭಾಷೆಗಳಿಗೆ ತರುವುದೇ ಆತನ ಬಾಳಿನ ಕಾಯಕವಾಯಿತು. ಹಲವು ಹಸ್ತಪ್ರತಿಗಳನ್ನು ಹೋಲಿಸಿ, ಪಾಠವನ್ನು ಶುದ್ಧಗೊಳಿಸಿ, ಶಬ್ದಕ್ಕೆ ಶಬ್ದವನ್ನಿಡದೆ ಅರ್ಥವನ್ನು ಅನುವಾದಿಸುವುದು ಆತನ ಕ್ರಮ. ಒಂದೇ ಒಂದು ಗ್ರಂಥಕ್ಕಾಗಿ ಇರಾಕ್, ಸಿರಿಯಾ, ಪ್ಯಾಲೆಸ್ತೀನ್, ಈಜಿಪ್ಟುಗಳನ್ನು ಸುತ್ತಿದರೂ, ದಮಸ್ಕದಲ್ಲಿ ಅದರ ಅರ್ಧದಷ್ಟು ಮಾತ್ರ ದೊರಕಿತು. ಮಗ ಇಸ್ಹಾಕನೂ ಸೋದರಿಯ ಮಗ ಹುಬೈಶನೂ ಈ ಕಾರ್ಯದಲ್ಲಿ ನೆರವಾದರು. ಕಣ್ಣಿನ ರಚನೆ ಮತ್ತು ರೋಗಗಳನ್ನು ಕುರಿತು ಆತನು 10 ಪ್ರಬಂಧಗಳನ್ನೂ ರಚಿಸಿದನು.

850ರಲ್ಲಿ ಖಲೀಫ ಮುತವಕ್ಕಿಲನು ಕ್ರೈಸ್ತರು ಜೇನುಬಣ್ಣದ ಮೇಲುಡುಗೆಯಿಂದ ತಮ್ಮನ್ನು ಗುರುತಿಸಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿದನು. ಆದರೂ ಅದೇ ಖಲೀಫನ ಆಸ್ಥಾನದಲ್ಲಿ ಹುನೈನನು ಮುಖ್ಯವೈದ್ಯನಾಗಿದ್ದನು. ಶತ್ರುವನ್ನು ಕೊಲ್ಲಲು ವಿಷ ತಯಾರಿಸೆಂದು ಖಲೀಫನು ಆತನನ್ನು ಪರೀಕ್ಷಿಸಿದನೆಂದು ಪ್ರಾಚೀನ ಚರಿತ್ರಕಾರರು ಬರೆದಿದ್ದಾರೆ. ಒಂದು ವರ್ಷದ ಸೆರೆವಾಸಕ್ಕೂ ಮರಣಭಯಕ್ಕೂ ಹುನೈನನು ಮಣಿಯಲಿಲ್ಲ. ಶತ್ರುಗಳಿಗೂ ಒಳಿತನ್ನೇ ಮಾಡಬೇಕೆಂಬ ತನ್ನ ಧರ್ಮವೂ, ಪ್ರಾಣ ಉಳಿಸಬೇಕೆಂಬ ತನ್ನ ವೃತ್ತಿಯೂ ಅದಕ್ಕೆ ಒಪ್ಪವೆಂದು ನುಡಿದನಂತೆ.

ಮುಂದೆ ತನ್ನ ಗ್ರಂಥಭಂಡಾರವೆಲ್ಲ ಕೈತಪ್ಪಿದಾಗಲೂ ಆತನು ಕುಗ್ಗಲಿಲ್ಲ. ಗ್ಯಾಲೆನನ 129 ಕೃತಿಗಳ ವಿವರವನ್ನು 856ರಲ್ಲಿ ನೆನಪಿನಿಂದಲೇ ಬರೆದಿಟ್ಟನು. ಮೂಲ ಗ್ರೀಕಿನಲ್ಲಿ ನಷ್ಟವಾದ ಕೆಲವು ಕೃತಿಗಳು ಅರಬ್ಬೀ ಅನುವಾದಗಳಿಂದಲೇ ಇಂದು ಜಗತ್ತಿಗೆ ಲಭ್ಯವಾಗಿವೆ.

873ರ ಸುಮಾರಿಗೆ ಹುನೈನನು ಕಾಲವಾದನು. ಯೊಹಾನ್ನಿತಿಯುಸ್ ಎಂಬ ಹೆಸರಿನಲ್ಲಿ ಆತನ ವೈದ್ಯಪ್ರವೇಶಿಕೆಯು ಲತೀನಿಗೆ ಬಂದು, ಮಧ್ಯಯುಗದ ಯೂರೋಪಿನ ವೈದ್ಯವಿದ್ಯಾಲಯಗಳಲ್ಲಿ ಶತಮಾನಗಳ ಕಾಲ ಪಠ್ಯವಾಗಿತ್ತು. ಸಂಖ್ಯೆಯಲ್ಲಿ ಕಿರಿದಾದ ಸಮುದಾಯವೂ ಶ್ರದ್ಧೆ, ವಿದ್ಯೆ, ಸೇವೆಗಳಿಂದ ಲೋಕಕ್ಕೆ ಬೆಳಕಾಗಬಲ್ಲದೆಂಬುದಕ್ಕೆ ಈ ಪುಣ್ಯಜೀವನವೇ ಸಾಕ್ಷಿ.